ಒಂದೇ ಹೆಸರು, ನಾಲ್ಕು ಸ್ಪೆಲ್ಲಿಂಗ್: ದಾಖಲೆಗಳನ್ನು ಒಂದು ಸಾಲಿಗೆ ತರುವುದು ಹೇಗೆ

ಹುಬ್ಬಳ್ಳಿಯ ಒಂದೇ ಓಣಿಯಲ್ಲಿ ಬಸವರಾಜ ಪಾಟೀಲ ಅನ್ನುವವರು ನಾಲ್ಕು ಜನ ಸಿಗಬಹುದು. ಅದು ತೊಡಕಲ್ಲ. ಒಬ್ಬನೇ ಬಸವರಾಜ ಪಾಟೀಲ ತನ್ನ ದಾಖಲೆಗಳಲ್ಲಿ ನಾಲ್ಕು ಜನ ಆಗಿಬಿಟ್ಟಿರುತ್ತಾನಲ್ಲ, ತೊಡಕು ಶುರುವಾಗುವುದು ಅಲ್ಲಿ. ಅಂಕಪಟ್ಟಿಯ ಇಂಗ್ಲಿಷ್ ಹೆಸರಿನಲ್ಲಿ ಬಸವರಾಜದ ಕೊನೆಗೆ ಒಂದು ಎ (A), ಆಧಾರ್‌ನಲ್ಲಿ ಆ ಎ ಇಲ್ಲ. ಪ್ಯಾನ್‌ನಲ್ಲಿ ನಡುವಿನ ಎ ಮಾಯ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಪಾಟೀಲ ಹೋಗಿ ಬರೇ ಒಂದು ಪಿ. ಕನ್ನಡದಲ್ಲಿ ಓದಿದರೆ ಎಲ್ಲವೂ ಒಂದೇ. ಕಂಪ್ಯೂಟರಿಗೆ ಮಾತ್ರ ಅವು ನಾಲ್ಕು ಬೇರೆ ಹೆಸರು. ಕೌಂಟರಿನಲ್ಲಿ ಕೂತವರು "ಹೆಸರು ಮ್ಯಾಚ್ ಆಗವಲ್ದು ನೋಡ್ರಿ" ಅಂದಾಗಲೇ ನಮಗೆ ಗೊತ್ತಾಗುವುದು.

ಪಿಂಚಣಿ, ಬೆಳೆ ವಿಮೆ, ಸ್ಕಾಲರ್‌ಶಿಪ್, ಪಾಸ್‌ಪೋರ್ಟ್, ಪಿಎಫ್ ಎಲ್ಲವೂ ಈ ಒಂದು ಅಕ್ಷರಕ್ಕೆ ನಿಲ್ಲುತ್ತವೆ. ದುಡಿದ ಹಣ ಕೈಗೆ ಬರುವುದು ತಡವಾಗುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಶುರು ಮಾಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ನಿಮ್ಮ ಹೆಸರಿಗೆ ಇಂಗ್ಲಿಷಿನಲ್ಲಿ "ಸರಿಯಾದ" ಸ್ಪೆಲ್ಲಿಂಗ್ ಅಂತ ಒಂದಿಲ್ಲ. ಎಲ್ಲ ಕಡೆ ಒಂದೇ ಇದ್ದರೆ ಸಾಕು, ಅದೇ ಸರಿ.

ಹಂತ 1: ಎಲ್ಲವನ್ನೂ ಹರವಿ ಒಂದು ಹಾಳೆಗೆ ಇಳಿಸಿ

ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಮತದಾರರ ಚೀಟಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಜಮೀನಿದ್ದರೆ ಪಹಣಿ. ಇದ್ದಷ್ಟನ್ನೂ ತೆಗೆದು ಮುಂದೆ ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು ದಾಖಲೆಯ ಹೆಸರು, ಅದರಲ್ಲಿರುವ ಇಂಗ್ಲಿಷ್ ಹೆಸರು, ಕನ್ನಡ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಬರೆಯಿರಿ.

ಬರೆಯುವಾಗ ನೆನಪಿನಿಂದ ಬರೆಯಬೇಡಿ. ದಾಖಲೆ ನೋಡಿಕೊಂಡು ಒಂದೊಂದೇ ಅಕ್ಷರ ಇಳಿಸಿ. ನಮ್ಮ ಹೆಸರನ್ನು ನಾವೇ ಓದುವಾಗ ಕಣ್ಣು ಬೇಗ ಹಾರುತ್ತದೆ, ಬಿಟ್ಟುಹೋದ ಅಕ್ಷರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಸಾಧ್ಯವಾದರೆ ಮನೆಯಲ್ಲಿ ಇನ್ನೊಬ್ಬರು ಗಟ್ಟಿಯಾಗಿ ಅಕ್ಷರ ಓದಲಿ, ನೀವು ಬರೆಯಿರಿ.

ತಂದೆಯ ಹೆಸರನ್ನು ಬಿಡಬೇಡಿ. ಮಗನ ಹೆಸರು ಎಲ್ಲ ಕಡೆ ಸರಿ ಇದ್ದು, ತಂದೆಯ ಹೆಸರು ಒಂದು ಕಡೆ ಶಿವಪ್ಪ, ಇನ್ನೊಂದು ಕಡೆ ಶಿವಾನಂದಪ್ಪ ಅಂತ ಇದ್ದು ಕೆಲಸ ನಿಂತ ಉದಾಹರಣೆ ನಮ್ಮ ಕಡೆ ಬೇಕಾದಷ್ಟಿವೆ.

ಹಂತ 2: ಅಕ್ಷರ ಎಲ್ಲಿ ಜಾರಿದೆ ಅಂತ ಗುರುತಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅಕ್ಷರ ಎಲ್ಲಿ ಜಾರುತ್ತದೆ ಅಂತ ತಿಳಿದರೆ ಮುಂದೆ ಹೊಸ ಅರ್ಜಿ ತುಂಬುವಾಗ ನೀವೇ ಎಚ್ಚರ ಆಗುತ್ತೀರಿ.

ಎಲ್ಲಕ್ಕಿಂತ ಹೆಚ್ಚು ಜಾರುವುದು ಕೊನೆಯ ಎ. ಕನ್ನಡದಲ್ಲಿ ಬಸವರಾಜ, ಮಲ್ಲಿಕಾರ್ಜುನ, ಶಿವಾನಂದ ಅಂತ ಕೊನೆಯ ಅಕ್ಷರವನ್ನು ಪೂರ್ತಿ ಹೇಳುತ್ತೇವೆ. ಮರಾಠಿ, ಹಿಂದಿ ಮಾತಿನಲ್ಲಿ ಆ ಕೊನೆಯ ಅಕಾರ ಬಿದ್ದುಹೋಗುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡ ಭಾಗ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಇಂಗ್ಲಿಷ್ ಬರವಣಿಗೆಯಲ್ಲಿ ಕೊನೆಯ ಎ ಇಲ್ಲದ ರೂಪವೇ ಹೆಚ್ಚು ಬಳಕೆಯಾಯಿತು. ಧಾರವಾಡದ ಹೆಸರೇ ಹಾಗಿದೆ, ಇಂಗ್ಲಿಷಿನಲ್ಲಿ ಅದು ಡಿ ಅಕ್ಷರಕ್ಕೆ ಮುಗಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹೆಸರೂ ಇಂಗ್ಲಿಷಿನಲ್ಲಿ ಎನ್ ಅಕ್ಷರಕ್ಕೇ ನಿಲ್ಲುತ್ತದೆ. ಅದೇ ಹೆಸರನ್ನು ಮೈಸೂರು ಕಡೆಯವರು ಬರೆದರೆ ಕೊನೆಗೆ ಎ ಸೇರಿಸುತ್ತಾರೆ.

ಈ ಒಂದು ಎ ಕೆಲವು ಹೆಸರುಗಳಲ್ಲಿ ಗಂಡು ಹೆಣ್ಣನ್ನೇ ಬದಲಿಸಿಬಿಡುತ್ತದೆ. ವಿಜಯ, ಸುನಂದ, ಜಯ ಇಂಥ ಹೆಸರು ನೋಡಿ. ಎ ಇಲ್ಲದೆ ಬರೆದರೆ ಉತ್ತರ ಭಾರತದವರು ಗಂಡು ಅಂತ ಓದುತ್ತಾರೆ, ಎ ಹಾಕಿದರೆ ಹೆಣ್ಣು ಅಂತ. ಕನ್ನಡದ ವಿಜಯ ಗಂಡಾಗಿದ್ದರೂ ಇಂಗ್ಲಿಷಿನ ಆ ಕೊನೆಯ ಅಕ್ಷರ ಬೇರೆ ಮಾತು ಹೇಳುತ್ತದೆ. ಪುಣೆ, ದೆಹಲಿಗೆ ಕೆಲಸಕ್ಕೆ ಹೋಗುವವರು ಇದನ್ನು ಗಮನಿಸಬೇಕು.

ಎರಡನೆಯದು ನಡುವಿನ ಎ. ತಳವಾರ, ಹೊಸಮನಿ, ಕುಲಕರ್ಣಿ, ಶಿರಹಟ್ಟಿ. ಮಾತಿನ ಓಟದಲ್ಲಿ ನಡುವಿನ ಅಕಾರ ನುಂಗಿಹೋಗುತ್ತದೆ. ಒಬ್ಬರು ಅದನ್ನು ಬರೆಯುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಅಡ್ಡಹೆಸರಿನಲ್ಲಿ ಜಾಸ್ತಿ ತಪ್ಪುವುದು ಇದೇ. ಅಣ್ಣನ ದಾಖಲೆಯಲ್ಲಿ ಒಂದು ತಳವಾರ, ತಮ್ಮನ ದಾಖಲೆಯಲ್ಲಿ ಇನ್ನೊಂದು ತಳವಾರ ಆದರೆ, ನಾಳೆ ವಾರಸಾ (ಹಿರಿಯರ ಆಸ್ತಿ ಮಕ್ಕಳ ಹೆಸರಿಗೆ) ಮಾಡಿಸುವಾಗ ಅಣ್ಣತಮ್ಮ ಅಂತ ತೋರಿಸುವುದೇ ಒಂದು ಕೆಲಸ ಆಗುತ್ತದೆ.

ಮೂರನೆಯದು ದೀರ್ಘ. ಭೀಮಪ್ಪ, ವೀರೇಶ, ನೀಲವ್ವ ಬರೆಯುವಾಗ ಐ ಒಂದೇ ಸಾಕೋ, ಎರಡು ಇ ಬೇಕೋ? ಪೂಜಾರ ಬರೆಯುವಾಗ ಯು ಹಾಕಬೇಕೋ, ಎರಡು ಓ ಹಾಕಬೇಕೋ? ಎರಡೂ ನಡೆಯುತ್ತದೆ, ಅದಕ್ಕೇ ಗೊಂದಲ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಹೆಸರು ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು ಐ ಹಾಕಿದ ರೂಪದಲ್ಲಿ. ಅದೇ ಹೆಸರಿನ ಇಂದಿನ ಹುಡುಗರ ಆಧಾರ್‌ನಲ್ಲಿ ಎರಡು ಇ ಇರುವುದೂ ಉಂಟು.

ಇನ್ನು ತ ಮತ್ತು ಎಚ್. ಹುಬ್ಬಳ್ಳಿಯ ಸವಿತಾ, ಸುನೀತಾ, ಹನುಮಂತ ಸಾಮಾನ್ಯವಾಗಿ ಬರೇ ಟಿ ಹಾಕುತ್ತಾರೆ. ಬೆಂಗಳೂರು, ಮಂಗಳೂರು ಕಡೆ ತ ಅಕ್ಷರಕ್ಕೆ ಟಿ ಜೊತೆ ಎಚ್ ಸೇರಿಸುವ ರೂಢಿ ಇದೆ. ಗೌಡ ಅನ್ನುವುದೂ ಹೀಗೆಯೇ. ನಮ್ಮ ಕಡೆ ಓ ಆದ ಮೇಲೆ ಯು ಬರೆಯುತ್ತಾರೆ, ಹಳೇ ಮೈಸೂರಿನಲ್ಲಿ ಡಬ್ಲ್ಯೂ. ಬೆಂಗಳೂರಿನ ಆಫೀಸಿನಲ್ಲಿ ಕೂತು ನಿಮ್ಮ ಅರ್ಜಿ ಟೈಪ್ ಮಾಡುವವರು ತಮ್ಮ ಕಡೆಯ ರೂಢಿಯಂತೆ ಬೆರಳು ಓಡಿಸುತ್ತಾರೆ. ಅವರ ಕಣ್ಣಿಗೆ ಅದು ತಪ್ಪು ಅನ್ನಿಸುವುದೇ ಇಲ್ಲ.

ವಿ ಮತ್ತು ಡಬ್ಲ್ಯೂ ಕೂಡ ಹಾಗೇ. ವಾಲಿಕಾರ ಎರಡೂ ಥರ ಬರೆಯುತ್ತಾರೆ. ಗದಗಿನ ಪುಟ್ಟರಾಜ ಗವಾಯಿಗಳ ಗವಾಯಿ ಕೂಡ ಇಂಗ್ಲಿಷಿನಲ್ಲಿ ಎರಡೂ ಥರ ಕಾಣುತ್ತದೆ. ಲಕ್ಷ್ಮೀ ಬರೆಯುವಾಗ ನಮ್ಮ ಕಡೆ ಎಕ್ಸ್ ಹೆಚ್ಚು, ಬೇರೆ ಕಡೆ ಕೆ-ಎಸ್-ಎಚ್. ಫಕ್ಕೀರಪ್ಪ ಅನ್ನುವ ಹೆಸರಂತೂ ಎಲ್ಲ ಕಡೆಯಿಂದಲೂ ಜಾರುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಮೇಲಿನ ಭಕ್ತಿಯಿಂದ ಗದಗ, ಹಾವೇರಿ ಸುತ್ತ ಈ ಹೆಸರು ಇಟ್ಟವರು ಬಹಳ. ಶುರುವಿಗೆ ಎಫ್ ಅಥವಾ ಪಿ-ಎಚ್, ನಡುವೆ ಒಂದು ಕೆ ಅಥವಾ ಎರಡು, ಆಮೇಲೆ ಐ ಅಥವಾ ಎರಡು ಇ. ಲೆಕ್ಕ ಹಾಕಿದರೆ ಒಂದೇ ಹೆಸರಿಗೆ 8 ರೂಪ ಆಯಿತು.

ಮುಸ್ಲಿಂ ಮನೆಗಳಲ್ಲಿ ಮೊಹಮ್ಮದ್ ಅನ್ನುವ ಒಂದೇ ಪದ ಇಷ್ಟೇ ಕಾಟ ಕೊಡುತ್ತದೆ. ಮೊದಲ ಸ್ವರ ಓ, ಯು ಅಥವಾ ಎ. ಕೊನೆಯ ಸ್ವರ ಇ ಅಥವಾ ಎ. ಇದರ ಮೇಲೆ ಎಂ-ಡಿ ಅಂತಲೋ ಎಂ-ಓ-ಎಚ್-ಡಿ ಅಂತಲೋ ಚಿಕ್ಕದಾಗಿ ಬರೆಯುವ ರೂಢಿ ಬೇರೆ. ಚಿಕ್ಕ ರೂಪ ಬರೆಯಲೇಬೇಡಿ. ರಫೀಕ್ ಅನ್ನುವಲ್ಲಿ ಕೊನೆಗೆ ಕ್ಯೂ ಇದೆಯೋ ಕೆ ಇದೆಯೋ ಅಂತಲೂ ನೋಡಿಕೊಳ್ಳಿ.

ಮೇಲಿನವೆಲ್ಲ ಅಕ್ಷರದ ಜಾರು. ಇದಕ್ಕಿಂತ ದೊಡ್ಡದು ಹೆಸರೇ ಬೇರೆ ಅನ್ನಿಸುವಂಥದ್ದು. ಮನೆಯಲ್ಲಿ ಈರಣ್ಣ, ಶಾಲೆಯಲ್ಲಿ ವೀರಣ್ಣ. ಕೆಲವರು ಯಲ್ಲಪ್ಪನಿಗೆ ವೈ ಹಾಕುತ್ತಾರೆ, ಕೆಲವರು ಇ ಇಂದ ಶುರು ಮಾಡುತ್ತಾರೆ. ನಮ್ಮ ಹಿರಿಯ ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಹುಟ್ಟಿದಾಗಿನಿಂದ ಶಾಂತವ್ವ ಆಗಿದ್ದವರನ್ನು ದಾಖಲೆ ಬರೆಯುವವರು ಶಾಂತಮ್ಮ ಮಾಡಿರುತ್ತಾರೆ, ಇನ್ನೊಬ್ಬರು ಬರೇ ಶಾಂತಾ ಅಂತ ಮುಗಿಸಿರುತ್ತಾರೆ. ಅವ್ವ ಅನ್ನುವುದು ನಮ್ಮ ಹೆಸರಿನ ಚೆಂದ. ಅದನ್ನು "ತಿದ್ದುವ" ಅಧಿಕಾರ ಬರೆಯುವವರಿಗೆ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೇಳಿ ಬರೆಸಿ, ನಾಚಬೇಡಿ.

ಕೊನೆಯದು ಹೆಸರಿನ ಕ್ರಮ. ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಮೂರು ತುಂಡು. ಹಳೆಯ ಅಂಕಪಟ್ಟಿಗಳಲ್ಲಿ ಅಡ್ಡಹೆಸರು ಮೊದಲು ಬರುವುದು ಉಂಟು. ಕೆಲವು ಕಡೆ ತಂದೆಯ ಹೆಸರು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಕ್ರಮ ಬದಲಾಗಿದ್ದರೆ, ಇನಿಶಿಯಲ್ ಬಿಡಿಸದೆ ಇದ್ದರೆ ಅದನ್ನೂ ಹಾಳೆಯಲ್ಲಿ ಗುರುತು ಮಾಡಿ.

ಹಂತ 3: ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬಹುದು

ಗ್ಯಾಸ್ ಬಿಲ್ಲು, ಕರೆಂಟ್ ಬಿಲ್ಲು, ಅಂಗಡಿಯ ಕಾರ್ಡು ಇವನ್ನೆಲ್ಲ ಸುಮ್ನೆ ಬಿಡಿ. ಯಾರಾದರೂ ನಿಮಗೆ ಹಣ ಕಳಿಸುವಾಗ ಹೆಸರಿನ ಒಂದು ಅಕ್ಷರ ತಪ್ಪಿದರೂ ನೆಫ್ಟ್ (ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ವ್ಯವಸ್ಥೆ) ನಿಲ್ಲುವುದಿಲ್ಲ. ಅಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಮೇಲೆ. 2025ರ ಏಪ್ರಿಲ್ 1ರೊಳಗೆ ಕಳಿಸುವವರಿಗೆ ಖಾತೆದಾರರ ಹೆಸರು ಕಾಣುವ ವ್ಯವಸ್ಥೆ ತರಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು. ಹೆಸರು ನೋಡಿ ಖಾತ್ರಿ ಮಾಡಿಕೊಳ್ಳಲು ಅದು ಒಳ್ಳೆಯದು.

ತಿದ್ದಲೇಬೇಕಾದದ್ದು ಒಂದಕ್ಕೊಂದು ತಾಳೆ ನೋಡುವ ದಾಖಲೆಗಳು. ಆಧಾರ್ ಮತ್ತು ಪ್ಯಾನ್, ಆಧಾರ್ ಮತ್ತು ಪಿಎಫ್, ಆಧಾರ್ ಮತ್ತು ಪಹಣಿ, ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್. ಈ ಜೋಡಿಗಳಲ್ಲಿ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ.

ಹಂತ 4: ಬುನಾದಿ ದಾಖಲೆ ಯಾವುದು ಅಂತ ತೀರ್ಮಾನಿಸಿ

ಬಹಳ ಜನ ಇಲ್ಲಿ ಎಡವುತ್ತಾರೆ. ನೋಡಲು ಚೆಂದ ಕಾಣುವ ಸ್ಪೆಲ್ಲಿಂಗ್ ಆರಿಸಿಕೊಂಡು ಎಲ್ಲವನ್ನೂ ಅದಕ್ಕೆ ಬದಲಿಸಲು ಹೊರಡುತ್ತಾರೆ. ಹಾಗೆ ಮಾಡಬೇಡಿ. ಬದಲಿಸಲು ಎಲ್ಲಕ್ಕಿಂತ ಕಷ್ಟವಾದ ದಾಖಲೆ ಯಾವುದೋ ಅದನ್ನೇ ಬುನಾದಿ ಮಾಡಿಕೊಳ್ಳಿ. ಉಳಿದವನ್ನು ಅದರ ಕಡೆ ಬಗ್ಗಿಸಿ.

ಹತ್ತನೇ ತರಗತಿ ಮುಗಿಸಿದವರಿಗೆ ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದನ್ನು ತಿದ್ದಿಸಬೇಕಾದರೆ ಓದಿದ ಶಾಲೆಗೆ ಹೋಗಿ, ದಾಖಲಾತಿ ರಿಜಿಸ್ಟರಿನಲ್ಲಿ ಏನಿದೆ ನೋಡಿ, ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ರಿಜಿಸ್ಟರಿನಲ್ಲಿ ಸರಿ ಇದ್ದು ಅಂಕಪಟ್ಟಿಯಲ್ಲಿ ಮಾತ್ರ ತಪ್ಪಿದ್ದರೆ ದಾರಿ ಇದೆ. ರಿಜಿಸ್ಟರಿನಲ್ಲೇ ಹಾಗಿದ್ದರೆ ಬಹಳ ಸುತ್ತಬೇಕಾಗುತ್ತದೆ. ಪಿಯುಸಿ, ಡಿಗ್ರಿ ದಾಖಲೆಗಳು ಅದರ ಹಿಂದೆಯೇ ಬಂದಿರುತ್ತವೆ. ಒಂದು ಅಕ್ಷರಕ್ಕಾಗಿ ಅಷ್ಟನ್ನೂ ಬದಲಿಸುವ ಬದಲು ಆಧಾರ್, ಪ್ಯಾನ್ ಬದಲಿಸುವುದು ಸಲೀಸು.

ಶಾಲೆಗೆ ಹೋಗದ ಹಿರಿಯರಿಗೆ ಬೇರೆ ಲೆಕ್ಕ. ಅವರಿಗೆ ಜಮೀನು ಇದ್ದರೆ ಪಹಣಿಯ ಕನ್ನಡ ಹೆಸರು ನೋಡಿ. ಆಧಾರ್‌ನ ಕನ್ನಡ ಹೆಸರು ಅದಕ್ಕೆ ಹೊಂದುತ್ತದೆಯೋ ಪರೀಕ್ಷಿಸಿ. ಪಹಣಿಯಲ್ಲಿ ಫಕ್ಕೀರಪ್ಪ ಬಸಪ್ಪ ಹಡಪದ ಅಂತಿದ್ದು ಆಧಾರ್‌ನಲ್ಲಿ ಬರೇ ಫಕೀರಪ್ಪ ಅಂತಿದ್ದರೆ, ರೈತರ ನೋಂದಣಿ, ಬೆಳೆ ವಿಮೆಯ ಹೊತ್ತಿಗೆ ತೊಂದರೆ ಬರುತ್ತದೆ. ಜಮೀನು, ಶಾಲೆ ಎರಡೂ ಇಲ್ಲದವರು ಆಧಾರನ್ನೇ ಬುನಾದಿ ಮಾಡಿಕೊಳ್ಳಬಹುದು.

ಈಗಾಗಲೇ ಪಾಸ್‌ಪೋರ್ಟ್ ಮಾಡಿಸಿ, ಅದರ ಮೇಲೆ ವೀಸಾ ಪಡೆದು ಹೊರದೇಶದಲ್ಲಿ ಓದಿದವರು, ದುಡಿದವರು ಪಾಸ್‌ಪೋರ್ಟನ್ನೇ ಹಿಡಿಯುವುದು ಒಳ್ಳೆಯದು.

ಹಂತ 5: ಸರದಿ ಪ್ರಕಾರ ತಿದ್ದಿಸಿ

ಮೊದಲು ಆಧಾರ್. ಉಳಿದ ಬಹುತೇಕ ಕಡೆ ಆಧಾರನ್ನೇ ಕೇಳುತ್ತಾರೆ. ಒಬ್ಬರಿಗೆ ಹೆಸರು ತಿದ್ದಲು ಸಿಗುವುದು ಜೀವನದಲ್ಲಿ ಎರಡೇ ಅವಕಾಶ. ಹುಟ್ಟಿದ ದಿನಕ್ಕೆ ಒಂದೇ. ಆದ್ದರಿಂದ ಬುನಾದಿ ದಾಖಲೆ ನಿರ್ಧಾರ ಆಗುವ ತನಕ ಆಧಾರ್ ಕೇಂದ್ರದ ಕಡೆ ಹೋಗಬೇಡಿ. ಅವಕಾಶ ಮುಗಿದ ಮೇಲೂ ದಾರಿ ಇದೆ. ಆದರೆ ಅದಕ್ಕೆ ಗೆಜೆಟ್ ಪ್ರಕಟಣೆ, ಬೆಂಗಳೂರಿನ ಪ್ರಾದೇಶಿಕ ಕಚೇರಿ ಅಂತ ಅಲೆದಾಟ ಜಾಸ್ತಿ. ಪುರಾವೆಯಾಗಿ ಕೊಡುವ ದಾಖಲೆಯಲ್ಲಿ ನಿಮಗೆ ಬೇಕಾದ ಸ್ಪೆಲ್ಲಿಂಗೇ ಇರಬೇಕು, ಅಸಲು ಪ್ರತಿ ಒಯ್ಯಬೇಕು. ರಸೀದಿಯಲ್ಲಿರುವ ನೋಂದಣಿ ಸಂಖ್ಯೆಯಿಂದ ಅರ್ಜಿ ಎಲ್ಲಿಗೆ ಬಂತು ಅಂತ ನೋಡಬಹುದು. 1947ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಆಧಾರ್‌ನ ಕನ್ನಡ ಸಾಲನ್ನು ಯಾರೂ ನೋಡುವುದಿಲ್ಲ, ಅದು ದೊಡ್ಡ ತಪ್ಪು. ಇಂಗ್ಲಿಷ್ ಟೈಪ್ ಮಾಡಿದ ಕೂಡಲೇ ಕಂಪ್ಯೂಟರ್ ತಾನೇ ಕನ್ನಡ ಮಾಡುತ್ತದೆ. ಟಿ ಇದ್ದಲ್ಲಿ ತ ಬರಬೇಕೋ ಟ ಬರಬೇಕೋ ಅದಕ್ಕೆ ಗೊತ್ತಿಲ್ಲ. ಲ ಮತ್ತು ಳ, ನ ಮತ್ತು ಣ ಗೊತ್ತಿಲ್ಲ. ತಳವಾರ ಹೋಗಿ ತಲವಾರ ಆಗುತ್ತದೆ. ರೈತರಿಗೆ ಪಹಣಿ ತಾಳೆ ನೋಡುವಾಗ ಈ ಕನ್ನಡ ಸಾಲು ಬೇಕಾಗುತ್ತದೆ. ಎರಡೂ ಸಾಲು ಓದಿ, ಕನ್ನಡ ಬೇರೆ ಟೈಪ್ ಮಾಡಿಸಿ.

ಎರಡನೆಯದು ಪ್ಯಾನ್. ತಿದ್ದುಪಡಿಗೆ ಅಂತಲೇ ಬೇರೆ ಅರ್ಜಿ ಇದೆ, ಹೊಸ ಪ್ಯಾನ್ ಅರ್ಜಿ ತುಂಬಬೇಡಿ. ಒಬ್ಬರ ಹತ್ತಿರ ಎರಡು ಪ್ಯಾನ್ ಇರುವುದು ಕಾನೂನಿಗೆ ವಿರುದ್ಧ. ಅರ್ಜಿಯಲ್ಲಿ ಮೊದಲ ಹೆಸರು, ನಡು ಹೆಸರು, ಅಡ್ಡಹೆಸರು ಅಂತ ಮೂರು ಮನೆ ಇರುತ್ತವೆ. ನಮ್ಮ ಕಡೆಯ ಮೂರು ತುಂಡಿನ ಹೆಸರು ಅಲ್ಲಿ ಸರಿಯಾಗಿ ಕೂಡುತ್ತದೆ. ಮೊದಲ ಹೆಸರಿಗೂ ಅಡ್ಡಹೆಸರಿಗೂ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಪ್ಯಾನ್ ಸಂಖ್ಯೆಯ 10 ಅಕ್ಷರಗಳಲ್ಲಿ ನಾಲ್ಕನೆಯದು ವ್ಯಕ್ತಿಗಳಿಗೆ ಪಿ. ಐದನೆಯದು ನಿಮ್ಮ ಅಡ್ಡಹೆಸರಿನ ಮೊದಲ ಅಕ್ಷರ. ಹಿಂದೆ ಯಾರೋ ಅರ್ಜಿ ತುಂಬುವಾಗ ತಂದೆಯ ಹೆಸರನ್ನು ಅಡ್ಡಹೆಸರಿನ ಮನೆಯಲ್ಲಿ ಹಾಕಿದ್ದರೆ ಆ ಐದನೇ ಅಕ್ಷರ ನೋಡಿದರೇ ತಿಳಿಯುತ್ತದೆ. ತಿದ್ದಿದ ಮೇಲೂ ಸಂಖ್ಯೆ ಬದಲಾಗುವುದಿಲ್ಲ, ಹೆದರಬೇಡಿ.

ಬ್ಯಾಂಕ್, ಮತದಾರರ ಚೀಟಿ ಇವಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಬ್ಯಾಂಕಿನಲ್ಲಿ ಹೊಸ ಆಧಾರ್, ಪ್ಯಾನ್ ಕೊಟ್ಟು ಕೆವೈಸಿ ಮತ್ತೆ ಮಾಡಿಸಿ. ಮತದಾರರ ಪಟ್ಟಿಗೆ ನಮೂನೆ 8 ತುಂಬಿ, ಅದಕ್ಕೆ ದುಡ್ಡಿಲ್ಲ.

ಪಿಎಫ್ ಇದ್ದವರು ಕೆಲಸ ಬಿಡುವ ಮೊದಲೇ ಹೆಸರು ಸರಿ ಮಾಡಿಕೊಳ್ಳಿ. 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಸಿಕ್ಕವರು ಮಾಲೀಕರ ಒಪ್ಪಿಗೆ ಕಾಯದೆ ತಾವೇ ಆನ್‌ಲೈನಿನಲ್ಲಿ ಹೆಸರು ತಿದ್ದಬಹುದು. ಈ ಸವಲತ್ತು 2025ರ ಜನವರಿಯಲ್ಲಿ ಬಂತು. ಅದಕ್ಕಿಂತ ಹಳೆಯ ಯುಎಎನ್ ಇದ್ದರೆ ಮಾಲೀಕರ ಮೂಲಕ ಹೋಗಬೇಕು. ಮುಚ್ಚಿಹೋದ ಕಾರ್ಖಾನೆಯಲ್ಲಿ ದುಡಿದವರಿಗೆ ಇದು ಎಷ್ಟು ಕಷ್ಟ ಅಂತ ಹೇಳಬೇಕಾಗಿಲ್ಲ. ಕಾರ್ಖಾನೆ ನಡೆಯುತ್ತಿರುವಾಗಲೇ ಮುಗಿಸಿ ಅನ್ನುವುದು ಅದಕ್ಕೇ.

ಪಹಣಿಯಲ್ಲೇ ತಪ್ಪಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಹಳೆಯ ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರ, ಮ್ಯುಟೇಶನ್ ಪ್ರತಿ ಇದ್ದರೆ ಜೊತೆಗೆ ಒಯ್ಯಿರಿ.

ಕೊನೆಗೆ ಪಾಸ್‌ಪೋರ್ಟ್. ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಈ ಭಾಗದವರು ಬೆಂಗಳೂರಿಗೆ ಓಡಬೇಕಾಗಿಲ್ಲ. ಉಳಿದ ದಾಖಲೆಗಳೆಲ್ಲ ಒಂದಾದ ಮೇಲೆ ಇದಕ್ಕೆ ಕೈ ಹಾಕಿ. ಇಲ್ಲಿ ಎರಡೇ ಮನೆ: ಹೆಸರು ಮತ್ತು ಅಡ್ಡಹೆಸರು. ಬಸವರಾಜ ಶಿವಪ್ಪ ಎರಡೂ ಹೆಸರಿನ ಮನೆಯಲ್ಲಿ, ಪಾಟೀಲ ಅಡ್ಡಹೆಸರಿನ ಮನೆಯಲ್ಲಿ. ಅಡ್ಡಹೆಸರಿನ ಮನೆ ಖಾಲಿ ಬಿಡಬೇಡಿ. ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಫೋಟೋ ಇರುವ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವೆ. ಅಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ವಿಮಾನದ ಟಿಕೆಟ್ ಮಾಡಿಸುವಾಗ ಆ ಸಾಲು ನೋಡಿ ಯಾವುದು ಯಾವ ಮನೆಗೆ ಅಂತ ತೀರ್ಮಾನಿಸಿ. ಮುದ್ರಣ ಆದ ಪುಸ್ತಕದಲ್ಲಿ ಅಕ್ಷರ ತಿದ್ದಲು ಬರುವುದಿಲ್ಲ, ಮರುವಿತರಣೆ ಅಂತ ಹೊಸ ಪುಸ್ತಕವನ್ನೇ ಪಡೆಯಬೇಕು.

ಹಂತ 6: ಕೌಂಟರಿನ ಮುಂದೆ

ಕರ್ನಾಟಕ ಒನ್ ಇರಲಿ, ಹಳ್ಳಿಯ ಗ್ರಾಮ ಒನ್ ಇರಲಿ, ನಾಡಕಚೇರಿ ಇರಲಿ, ಸ್ಪೆಲ್ಲಿಂಗನ್ನು ಬಾಯಿಂದ ಹೇಳಬೇಡಿ. ಬಿ, ಡಿ, ಪಿ, ವಿ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಎಂ ಮತ್ತು ಎನ್ ಹಾಗೆಯೇ. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ, ಅಕ್ಷರಗಳ ನಡುವೆ ಜಾಗ ಬಿಟ್ಟು ಬರೆದುಕೊಂಡು ಹೋಗಿ ಅವರ ಮುಂದೆ ಇಡಿ. ಹೆಸರಿನ ಎರಡು ತುಂಡುಗಳ ನಡುವೆ ಜಾಗ ಇದೆಯೋ ಇಲ್ಲವೋ ಅಂತಲೂ ತೋರಿಸಿ. ಶಿವ ಕುಮಾರ ಬಿಡಿಸಿ ಬರೆದರೆ ಯಂತ್ರಕ್ಕೆ ಎರಡು ಪದ, ಕೂಡಿಸಿ ಬರೆದರೆ ಒಂದು.

ಆಧಾರ್ ಕೇಂದ್ರದಲ್ಲಿ ಅರ್ಜಿದಾರರ ಕಡೆ ಮುಖ ಮಾಡಿದ ಇನ್ನೊಂದು ಪರದೆ ಇರುತ್ತದೆ. ಅದನ್ನು ಇಟ್ಟಿರುವುದೇ ನೀವು ಓದಲಿ ಅಂತ. ಹಿಂದೆ ಸಾಲು ಉದ್ದ ಇರಲಿ, ಯಾರಾದರೂ "ಬೇಗ ಮಾಡ್ರಿ ಅಕ್ಕಾರ" ಅನ್ನಲಿ, ಪೂರ್ತಿ ಓದಿ ಮುಗಿಸಿಯೇ ಸರಿ ಅನ್ನಿ. ಅಲ್ಲಿನ ಎರಡು ನಿಮಿಷದ ಓದು ಮುಂದಿನ ಎಷ್ಟೋ ಓಡಾಟ ಉಳಿಸುತ್ತದೆ. ಓದಲು ಬರದ ಹಿರಿಯರ ಜೊತೆ ಮನೆಯ ಹುಡುಗರು ಯಾರಾದರೂ ಹೋಗಲೇಬೇಕು.

ತಿದ್ದಲು ಆಗದೆ ಉಳಿದ ದಾಖಲೆಗೆ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಬಹುದು. ಈ ಎರಡೂ ಹೆಸರು ಒಬ್ಬರದೇ ಅಂತ ಅದರಲ್ಲಿ ಬರೆಯುತ್ತಾರೆ. ಬರೆಸುವಾಗ ಎರಡೂ ಸ್ಪೆಲ್ಲಿಂಗ್, ಅವು ಯಾವ ದಾಖಲೆಯಲ್ಲಿವೆ, ಆ ದಾಖಲೆಯ ಸಂಖ್ಯೆ ಏನು ಅಂತ ಎಲ್ಲವೂ ಬರಬೇಕು. ಇದನ್ನು ಎಲ್ಲ ಕಚೇರಿಗಳೂ ಒಪ್ಪುವುದಿಲ್ಲ. ಮೊದಲು ಕೇಳಿ, ಆಮೇಲೆ ಖರ್ಚು ಮಾಡಿ.

ಮದುವೆಯಾದ ಹೆಣ್ಣುಮಕ್ಕಳ ಹೆಸರು

ರೇಖಾ ಬಸಪ್ಪ ಹೊಸಮನಿ ಮದುವೆಯಾದ ಮೇಲೆ ರೇಖಾ ಮಹೇಶ ಅಂಗಡಿ ಆಗುತ್ತಾರೆ. ಮೂರರಲ್ಲಿ ಎರಡು ತುಂಡು ಬದಲು. ಅಂಕಪಟ್ಟಿ ಮಾತ್ರ ಕೊನೆಯವರೆಗೂ ಹೊಸಮನಿ ಅಂತಲೇ ಇರುತ್ತದೆ. ಮದುವೆಯಾದರೆ ಹೆಸರು ಬದಲಿಸಲೇಬೇಕು ಅನ್ನುವ ಕಾನೂನು ಇಲ್ಲ. ಪಾಸ್‌ಪೋರ್ಟಿಗೂ ಅದು ಕಡ್ಡಾಯವಲ್ಲ. ಓದು, ಕೆಲಸ, ಖಾತೆ ಎಲ್ಲ ತವರಿನ ಹೆಸರಿನಲ್ಲಿ ಇದ್ದರೆ ಹಾಗೇ ಇಟ್ಟುಕೊಳ್ಳುವುದು ಜಾಣತನ ಅಂತ ನಾನು ಹೇಳುತ್ತೇನೆ. ಹಿರಿಯರಿಗೂ ಇದನ್ನು ಬಿಡಿಸಿ ಹೇಳಿದರೆ ತಿಳಿಯುತ್ತದೆ.

ಬದಲಿಸುವುದೇ ಆದರೆ ಉಪನೋಂದಣಿ ಕಚೇರಿಯ ಮದುವೆ ನೋಂದಣಿ ಪತ್ರ ಬಹಳ ಮುಖ್ಯ. ಹಳೆಯ ಹೆಸರಿಗೂ ಹೊಸ ಹೆಸರಿಗೂ ನಂಟು ತೋರಿಸುವ ಕಾಗದ ಅದು. ಅದರಲ್ಲಿ ಗಂಡನ ಹೆಸರು ಆತನ ಆಧಾರ್‌ನಲ್ಲಿ ಇರುವಂತೆ, ನಿಮ್ಮ ಹೆಸರು ಅಂಕಪಟ್ಟಿಯಲ್ಲಿ ಇರುವಂತೆ ಇದೆಯೋ ಅಂತ ಸಹಿ ಹಾಕುವ ಮೊದಲು ನೋಡಿ. ಆಮೇಲೆ ಅದೇ ಸರದಿ: ಆಧಾರ್, ಪ್ಯಾನ್, ಬ್ಯಾಂಕ್.

ಹೊಸ ಮಗುವಿಗೆ ಮೊದಲ ದಿನದಿಂದಲೇ

ಹೆಸರಿಡುವ ದಿನವೇ ಇಂಗ್ಲಿಷ್ ಸ್ಪೆಲ್ಲಿಂಗನ್ನೂ ಗಟ್ಟಿ ಮಾಡಿ ಬರೆದಿಡಿ. ಆಸ್ಪತ್ರೆಯಿಂದ ಬಂದ ಜನನ ನೋಂದಣಿಯಲ್ಲಿ ಮಗುವಿನ ಹೆಸರು ಖಾಲಿ ಇರುವುದು ಸಾಮಾನ್ಯ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಅಂದರೆ ಅವರ ಬುನಾದಿ ದಾಖಲೆ ಯಾವುದು ಅನ್ನುವ ಪ್ರಶ್ನೆಯೇ ಇಲ್ಲ. ಅಪ್ಪ ಅವ್ವನ ಹೆಸರಿನ ಸ್ಪೆಲ್ಲಿಂಗ್ ಕೂಡ ಅವರ ಆಧಾರ್‌ನಲ್ಲಿ ಇದ್ದಂತೆ ಬಂದಿದೆಯೋ ನೋಡಿ.

ಶಾಲೆಗೆ ಸೇರಿಸುವಾಗ ಆ ಪ್ರಮಾಣಪತ್ರದಲ್ಲಿ ಇರುವಂತೆಯೇ ಬರೆಸಿ. ಹತ್ತನೇ ತರಗತಿಯಲ್ಲಿ ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಶಾಲೆಯವರು ಮಕ್ಕಳ ವಿವರ ತೋರಿಸಿ ಸಹಿ ಕೇಳುತ್ತಾರೆ. ಆ ಹಾಳೆಯನ್ನು ಮಗು ಒಂದೇ ನೋಡಿದರೆ ಸಾಲದು. ತಂದೆತಾಯಿ ಕೂತು ಓದಬೇಕು. ಜೀವನಪೂರ್ತಿ ಹಿಡಿಯುವ ಸ್ಪೆಲ್ಲಿಂಗ್ ಅಲ್ಲಿಯೇ ನಿರ್ಧಾರ ಆಗುತ್ತದೆ.

ಊರಿನ ಹೆಸರು, ವಿಶ್ವವಿದ್ಯಾಲಯದ ಹೆಸರು

2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ಬದಲಿಸಿತು. ಹುಬ್ಬಳ್ಳಿ ಅದರಲ್ಲಿ ಒಂದು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಒಂದೇ ಬಿ ಇರುವ ಹಳೆಯ ಚಿಕ್ಕ ರೂಪ ಇರುತ್ತದೆ. ಅದು ತಪ್ಪಲ್ಲ, ತಿದ್ದಿಸಲು ಹೋಗಬೇಡಿ. ಹೊಸ ಅರ್ಜಿಯಲ್ಲಿ ಹೊಸ ರೂಪ ಬರೆಯಿರಿ. ರೈಲು ನಿಲ್ದಾಣದ ಕೋಡ್ ಮಾತ್ರ ಈಗಲೂ ಯು-ಬಿ-ಎಲ್. ಟಿಕೆಟ್ ಹುಡುಕುವಾಗ ಕೋಡ್ ಹಾಕಿದರೆ ಗೊಂದಲವೇ ಇಲ್ಲ. ರಾಣೆಬೆನ್ನೂರು, ಕಲಘಟಗಿ, ನವಲಗುಂದ, ಹಾನಗಲ್ಲ ಇವಕ್ಕೂ ಒಂದಕ್ಕಿಂತ ಹೆಚ್ಚು ಸ್ಪೆಲ್ಲಿಂಗ್ ಓಡಾಡುತ್ತಿವೆ. ಆನ್‌ಲೈನ್ ಅರ್ಜಿಯಲ್ಲಿ ಪಟ್ಟಿಯಿಂದ ಆರಿಸಿಕೊಳ್ಳಲು ಬಂದರೆ ಟೈಪ್ ಮಾಡದೆ ಆರಿಸಿಯೇ ಬಿಡಿ. ಊರಿನ ಹೆಸರೇ ಅಡ್ಡಹೆಸರಾದವರು ಊರಿನ ಸ್ಪೆಲ್ಲಿಂಗ್ ಬದಲಾಯಿತು ಅಂತ ತಮ್ಮದನ್ನು ಬದಲಿಸಬೇಕಾಗಿಲ್ಲ. ಅದು ಊರಿನದು, ಇದು ನಿಮ್ಮದು.

ಜಿಲ್ಲೆಯ ವಿಷಯವೂ ಇದೆ. ಗದಗ, ಹಾವೇರಿ ಜಿಲ್ಲೆಗಳು ಆದದ್ದು 1997ರಲ್ಲಿ. ಅಲ್ಲಿಯವರೆಗೆ ಎರಡೂ ಧಾರವಾಡ ಜಿಲ್ಲೆ. ಹಳೆಯ ಟಿಸಿಯಲ್ಲಿ "ಗದಗ ತಾಲೂಕು, ಧಾರವಾಡ ಜಿಲ್ಲೆ" ಅಂತ ಇದ್ದರೆ ಅದು ಆ ಕಾಲಕ್ಕೆ ಸರಿ. ಈಗಿನ ಅರ್ಜಿಯಲ್ಲಿ ಈಗಿನ ಜಿಲ್ಲೆ ಬರೆಯಿರಿ. ಯಾರಾದರೂ ಕೇಳಿದರೆ 1997ರಲ್ಲಿ ಜಿಲ್ಲೆ ಬೇರೆ ಆಯಿತು ಅಂತ ಹೇಳಿ.

ಧಾರವಾಡದಲ್ಲಿ ಡಿಗ್ರಿ ಮಾಡಿದವರಿಗೆ ಇನ್ನೊಂದು ಮಾತು. ಕರ್ನಾಟಕ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಕೊನೆಯ ಎ ಇಲ್ಲ, ಅದು ಕೆ ಅಕ್ಷರಕ್ಕೆ ಮುಗಿಯುತ್ತದೆ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬರುವುದಕ್ಕೂ ಮೊದಲೇ ಹುಟ್ಟಿದ ಸಂಸ್ಥೆ ಅದು, ತನ್ನ ಹಳೆಯ ರೂಪವನ್ನೇ ಉಳಿಸಿಕೊಂಡಿದೆ. ಹೊರದೇಶದ ಅರ್ಜಿ, ಡಿಗ್ರಿ ಪರಿಶೀಲನೆಗೆ ಬರೆಯುವಾಗ ರಾಜ್ಯದ ಹೆಸರಿನ ಹಾಗೆ ಎ ಸೇರಿಸಿದರೆ ಪಟ್ಟಿಯಲ್ಲಿ ಹುಡುಕಿದರೂ ಸಿಗದೆ ಹೋಗಬಹುದು. ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಚೆನ್ನಮ್ಮ ಹೆಸರನ್ನು ಸಿ-ಎಚ್ ಆದ ಮೇಲೆ ಎ ಹಾಕಿ ಬರೆಯುತ್ತದೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತವನ್ನು ಇ ಹಾಕಿ ಬರೆದು ರೂಢಿಯಾದವರು ಅಲ್ಲೂ ಇ ಬರೆದುಬಿಡುತ್ತಾರೆ. ಸಂಸ್ಥೆಯ ಹೆಸರನ್ನು ಯಾವಾಗಲೂ ಅವರೇ ಕೊಟ್ಟ ಪ್ರಮಾಣಪತ್ರದ ತಲೆಬರಹ ನೋಡಿ ಅಕ್ಷರ ಅಕ್ಷರ ಇಳಿಸಿಕೊಳ್ಳಿ.